ಸೊಸೆಯ ಸಬ್ಜೆಕ್ಟ್

ಈ ಮಾತನ್ನು ಹೇಳುವುದನ್ನು ನಾನು ಮುಂದೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಮಳೆಗಾಲ ಮುಗಿಯಲಿ ಅಂದುಕೊಂಡೆ. ಆಮೇಲೆ ಕಡಲೆ ಸುಗ್ಗಿ ಆಗಲಿ ಅಂದುಕೊಂಡೆ. ನನಗೆ ಹೊಲವೇ ಇಲ್ಲ ಎಂಬುದು ನೆನಪಾದ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ನಿಚ್ಚಳವಾಗಿ ಬರೆಯೋಣ ಅಂದುಕೊಂಡೆ. ಪೊರೆಯೂ ಹೋಯಿತು. ಈಗ ಬೇಲಿ ಮೇಲಿನ ಗುಬ್ಬಿಯ ಕಾಲು ಸಹ ಕಾಣುತ್ತದೆ, ನೆಪ ಮಾತ್ರ ಒಂದೂ ಕಾಣುತ್ತಿಲ್ಲ.

ವಿಷಯ ಸಣ್ಣದು. ನನ್ನ ಸೊಸೆಗೆ ನಾನು 'ತಪ್ಪಾತು' ಅನ್ನಬೇಕಿತ್ತು, ಅಂದಿಲ್ಲ. ಇಷ್ಟು ಬರೆದು ಪೆನ್ನಿನ ಟೊಪ್ಪಿಗೆ ಮುಚ್ಚಿದರೆ ಕೆಲಸ ಮುಗಿದೀತು. ಆದರೆ ಹಾಗೆ ಮಾಡಿದರೆ ನೀವು ನನ್ನನ್ನು ಸೊಸೆಯನ್ನು ಕಾಡುವ ಮಾವ ಎಂದು ತಿಳಿದುಕೊಳ್ಳುತ್ತೀರಿ. ಹಾಗಲ್ಲ. ನಾವಿಬ್ಬರೂ ಅಗದಿ ದೋಸ್ತರು. ದೋಸ್ತಿಯಲ್ಲಿ ಆದ ತಪ್ಪನ್ನು ಒಪ್ಪಿಕೊಳ್ಳುವುದು ವೈರದಲ್ಲಿ ಆದದ್ದಕ್ಕಿಂತ ಕಷ್ಟ. ವೈರಿಯ ಮುಂದೆ ಕಳೆದುಕೊಳ್ಳಲು ಏನಿರುತ್ತದೆ?

ಮೊನ್ನೆ ಮುಂಜಾನೆ ನಮ್ಮ ಓಣಿಗೆ ಕಾಯಿಪಲ್ಲೆ ಗಾಡಿಯವ ಬಂದು "ಉಳ್ಳಾಗಡ್ಡೀ..." ಎಂದು ಎಳೆದು ಕೂಗಿದ. ಹಲ್ಲುಜ್ಜುತ್ತಿದ್ದ ನಾನು ಬಾಯಿ ತುಂಬ ನೊರೆ ಇಟ್ಟುಕೊಂಡೇ "ಮಾಸ್ತರ!" ಎಂದೆ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೊರ ನಿಲ್ಲಿಸಿದಳು. "ಏನಂದ್ರಿ?"

"ಏನಿಲ್ಲ."

"ಉಳ್ಳಾಗಡ್ಡಿಗೆ ಮಾಸ್ತರ ಅಂದ್ರಿ. ನಾ ಕೇಳೇನಿ."

"ರೂಢಿ ಆಗೇತಿ."

"ಮಂದಿ ವಯಸ್ಸಾದ ಮ್ಯಾಲೆ ದೇವರ ಹೆಸರು ರೂಢಿ ಮಾಡ್ಕೋತಾರ. ಇವ್ರು ಉಳ್ಳಾಗಡ್ಡಿ ಹಿಡದ್ರು."

ಈ ರೂಢಿ ನನಗೆ ಹತ್ತಿದ್ದು ಕಾಲೇಜಿನಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅರವತ್ತು ದಾಟಿದ ಮೇಲೆ, ಅದೂ ವಿದ್ಯಾರ್ಥಿಯಾಗಿ ಅಲ್ಲ. ನನ್ನ ವಿದ್ಯೆ ಎಸ್ಸೆಸ್ಸೆಲ್ಸಿಗೇ ನಿಂತಿತು. ನಿಂತಿತು ಅನ್ನುವುದಕ್ಕಿಂತ ಅಲ್ಲಿಗೆ ಬಂದು ಮುಟ್ಟಿದ್ದೇ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ. ಶಲವಡಿಯ ನಮ್ಮ ಸಾಲಿಯಲ್ಲಿ ಕನ್ನಡ ಮಾಸ್ತರರು ಪದ್ಯ ಓದಲು ಯಾವಾಗಲೂ ನನ್ನನ್ನೇ ಎಬ್ಬಿಸುತ್ತಿದ್ದರು. ಅರ್ಥ ತಿಳಿಯುತ್ತದೆಂದಲ್ಲ, ಧ್ವನಿ ದೊಡ್ಡದೆಂದು. ಕಿಟಕಿಯ ಆಚೆ ಎರೆಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ನನ್ನ ಪದ್ಯ ಮುಗಿದ ಕೂಡಲೇ "ಇನ್ನೊಂದು ಹಚ್ಚೋ ತಮ್ಮಾ, ಬ್ಯಾಸರಾಗೇತಿ" ಎಂದು ಕೂಗುವರು. ಮಾಸ್ತರರು ಕಿಟಕಿ ಮುಚ್ಚುವರು. ಆ ಧ್ವನಿಯೇ ಮುಂದೆ ನನಗೆ ಅನ್ನ ಹಾಕಿತು. ಬಸ್ ಕಂಡಕ್ಟರ್ ಆದೆ. ಎಂಜಿನ್ನಿನ ಸಪ್ಪಳದ ಮೇಲೆ ಕೇಳುವಂತೆ "ಅಣ್ಣಿಗೇರಿ, ಅಣ್ಣಿಗೇರಿ, ನವಲಗುಂದ" ಎನ್ನುತ್ತ ಆಯುಷ್ಯದ ದೊಡ್ಡ ಪಾಲು ನಿಂತುಕೊಂಡೇ ಕಳೆದೆ.

ನಿವೃತ್ತನಾದ ಮೇಲೆ ಕೂತೆ. ಕೂಡುವುದು ಎಷ್ಟು ಕಷ್ಟ ಎಂದು ನಿಂತು ದುಡಿದವರಿಗೆ ಮಾತ್ರ ಗೊತ್ತು. ಬಸ್ ಸ್ಟ್ಯಾಂಡಿನ ಕಡೆ ಹೋಗಲು ದಿನಾ ಏನಾದರೂ ಒಂದು ಕಾರಣ ಹುಡುಕುತ್ತಿದ್ದೆ. ಅಂಥ ಹೊತ್ತಿನಲ್ಲಿ ನನ್ನ ಸೊಸೆ ಗೌರಿ ಒಂದು ದಿನ ಚಹಾ ತಂದಿಟ್ಟು, ಹೋಗದೆ ಬಾಗಿಲ ಚೌಕಟ್ಟಿಗೆ ನಿಂತಳು. ಮದುವೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದಳು. ನನ್ನ ಮಗ ಬಸವರಾಜ ಕರೆಂಟಿನ ಲೈನ್‌ಮನ್. ಮನೆಯಲ್ಲಿ ಇರುವುದಕ್ಕಿಂತ ಕಂಬದ ಮೇಲೆ ಇರುವುದು ಹೆಚ್ಚು.

"ಮಾವಾರ, ನಾ ಬಿ.ಎ. ಕಲೀಲೇನ್ರಿ?"

"ಕಲಿ. ಯಾವ ಯಾವ ಸಬ್ಜೆಕ್ಟು?"

"ಕನ್ನಡ ಸಾಹಿತ್ಯ, ಮತ್ತ ಮನಃಶಾಸ್ತ್ರ."

ಒಳಗಿನಿಂದ ನನ್ನ ಹೆಂಡತಿ ಕೇಳಿದಳು: "ಮನಃಶಾಸ್ತ್ರ ಅಂದ್ರೇನ ಬೇ?"

"ಮಂದಿ ಮನಸ್ಸಿನ್ಯಾಗ ಏನೈತಿ ಅಂತ ತಿಳಕೊಳ್ಳೂದ್ರಿ, ಅತ್ತಿ."

"ಅದಕ್ಕ ಕಾಲೇಜ್ಯಾಕ ಬೇಕ? ನಳಾ ಬಿಟ್ಟಾಗ ಕೊಡಾ ಹಿಡದು ಪಾಳೇದಾಗ ನಿಂದ್ರು. ಓಣಿ ಮಂದೀದೆಲ್ಲಾ ತಿಳೀತೈತಿ."

ಹೀಗೆ ಅಂದವಳೇ ಮರುದಿನದಿಂದ ಮುಂಜಾನೆಯ ರೊಟ್ಟಿಯನ್ನು ತಾನೇ ಬಡಿಯಲು ಕೂತಳು, ಸೊಸೆಗೆ ಬಸ್ಸು ತಪ್ಪಬಾರದೆಂದು. ನನ್ನ ಹೆಂಡತಿಯ ಮನಃಶಾಸ್ತ್ರ ಇಂದಿಗೂ ನನಗೆ ತಿಳಿದಿಲ್ಲ.

ಕಾಲೇಜಿನ ಹೆಸರು ಬೇಡ. ಬಸ್ಸಿಳಿದು ಬೇವಿನ ಗಿಡದ ನೆರಳಲ್ಲಿ ನಡೆದರೆ ಸಿಗುತ್ತದೆ, ಅಷ್ಟು ಸಾಕು. ಹಿಂದಿನ ಸಾಲಿನ ಕೊನೆಯ ಕೋಣೆಗೆ 'ಸಮಾಜ ವಿಜ್ಞಾನ ವಿಭಾಗ' ಎಂದು ಬೋರ್ಡು. ಕೋಣೆಗಳ ಕೊರತೆಯಿಂದ ಸಾಹಿತ್ಯದವರನ್ನೂ ಅದರಲ್ಲೇ ತಂದು ಹಾಕಿದ್ದರು. ನಡುವೆ ಎರಡು ಕಬ್ಬಿಣದ ಕಪಾಟು ನಿಲ್ಲಿಸಿ ಒಂದು ಕೋಣೆಯನ್ನು ಎರಡು ಮಾಡಿದ್ದರು. ಕಪಾಟಿನ ಈ ಕಡೆ ಮನಸ್ಸು, ಆ ಕಡೆ ಕಾವ್ಯ. ಈ ಕಡೆ ಹುಡುಗಿಯರು ಸ್ಟಾಪ್‌ವಾಚ್ ಹಿಡಿದು ಯಾರದೋ ನೆನಪಿನ ಶಕ್ತಿ ಅಳೆಯುತ್ತಿದ್ದರೆ, ಆ ಕಡೆಯಿಂದ ಕನ್ನಡದ ಸರ್ "ವಿರಹವೆಂದರೆ ಬರೀ ಅಗಲಿಕೆಯಲ್ಲ!" ಎಂದು ಗರ್ಜಿಸುತ್ತಿದ್ದರು. ಪಾಪ, ಅವರ ಧ್ವನಿಯೂ ನನ್ನದರಂತೆ, ಕಪಾಟಿಗೆ ತಡೆಯುವಂಥದ್ದಲ್ಲ.

ನಾನು ಅಲ್ಲಿಗೆ ಹೋದದ್ದು ಹೀಗೆ. ಮನಃಶಾಸ್ತ್ರಕ್ಕೂ ಪ್ರಾಕ್ಟಿಕಲ್ ಇರುತ್ತದಂತೆ. ಕಪ್ಪೆ ಕೊಯ್ಯುವ ಬದಲು ಮನುಷ್ಯನನ್ನು ಕೂಡಿಸಿ ಪ್ರಶ್ನೆ ಕೇಳುವುದು. ಹಾಗೆ ಕೂಡುವವನಿಗೆ ಅವರು ಸಬ್ಜೆಕ್ಟ್ ಅನ್ನುತ್ತಾರೆ. ವಿದ್ಯಾರ್ಥಿಗಳು ಜೋಡಿ ಜೋಡಿಯಾಗಿ ಒಬ್ಬರಿಗೊಬ್ಬರು ಸಬ್ಜೆಕ್ಟ್ ಆಗುತ್ತಿದ್ದರು. ಗೌರಿಯ ವರ್ಗದಲ್ಲಿ ಬೆಸ ಸಂಖ್ಯೆ ಬಂದು ಅವಳೊಬ್ಬಳೇ ಉಳಿದಳು. "ಮನ್ಯಾಗಿಂದ ಯಾರನ್ನರ ಕರಕೊಂಡು ಬಾ" ಎಂದರಂತೆ ಅವರ ಮೇಡಂ. ಮಗ ಕಂಬದ ಮೇಲಿದ್ದ. ನಾನು ಆಗಲೇ ಎದ್ದು ಅಂಗಿಯ ಗುಂಡಿ ಹಾಕುತ್ತಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಸಬ್ಜೆಕ್ಟುಗಳನ್ನು ಪಾಸು ಮಾಡಲು ಒದ್ದಾಡಿದ ಮನುಷ್ಯ, ಮುದುಕನಾದ ಮೇಲೆ ತಾನೇ ಒಂದು ಸಬ್ಜೆಕ್ಟ್ ಆದೆ.

ಬಸ್ಸಿನಲ್ಲಿ ನಾವು ಹೋಗುವ ಚಂದ ನೋಡಬೇಕಿತ್ತು. ಅವಳಿಗೆ ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ಟು, ನನಗೆ ಹಿರಿಯರ ರಿಯಾಯಿತಿ. ಕಂಡಕ್ಟರ್ ಹುಡುಗ ನನ್ನ ಕೈಕೆಳಗೆ ಕಲಿತವ. "ಕಾಕಾ, ನಿಮ್ಮಿಬ್ಬರಿಂದ ನನ್ನ ಡಿಪೋ ಮುಳಗತೈತಿ" ಅನ್ನುವ. ಗೌರಿ ದಾರಿಯುದ್ದಕ್ಕೂ ಛಂದಸ್ಸು ಬಾಯಿಪಾಠ ಮಾಡುವಳು. ಒಂದು ದಿನ ಬೇಸತ್ತು ಪುಸ್ತಕ ಮುಚ್ಚಿ, "ಮಾವಾರ, ಒಂದು ಊರಿನ ಹೆಸರು ಹೇಳ್ರಿ" ಎಂದಳು.

"ಶಲವಡಿ."

ಮುಂದಿನ ಸೀಟಿನ ಸರಳಿನ ಮೇಲೆ ಬೆರಳು ಬಡಿದು ಎಣಿಸಿದಳು. "ಶ, ಲ, ವ, ಡಿ. ನಾಕೂ ಲಘು."

"ಅಣ್ಣಿಗೇರಿ."

"ಗುರು, ಲಘು, ಗುರು, ಲಘು. ಕುಂಟಿಕೋಂತ ಹೊಂಟಾಂಗ ಐತಿ ನೋಡ್ರಿ."

"ನಿಮ್ಮ ತಿರ್ಲಾಪುರ?" ಅದು ಅವಳ ತವರು.

"ಗುರು, ಗುರು, ಲಘು, ಲಘು."

"ಮೊದಲ ಎರಡು ಗುಂಡಿ, ಆಮ್ಯಾಲೆ ಸಾಫ್ ರಸ್ತೆ."

"ಅಯ್ಯ, ಖರೇನ ಹಂಗ ಐತ್ರಿ ಮಾವಾರ ನಮ್ಮೂರ ದಾರಿ!"

ಕಲಘಟಗಿಗೆ ಐದೂ ಲಘು ಬಂದವು. ಆ ಬಸ್ಸು ಯಾಕೆ ಯಾವಾಗಲೂ ಹೊತ್ತಿಗೆ ಮೊದಲೇ ಬಿಟ್ಟು ಹೋಗುತ್ತಿತ್ತೆಂದು ಅಂದು ತಿಳಿಯಿತು. ನಾನು ಆಯುಷ್ಯವಿಡೀ ಫುಟ್‌ಬೋರ್ಡಿನ ಮೇಲೆ ನಿಂತು ಕೂಗಿದ್ದು ಛಂದಸ್ಸು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇನ್ನಷ್ಟು ರಾಗವಾಗಿ ಕೂಗುತ್ತಿದ್ದೆ.

ಪ್ರಯೋಗಗಳಲ್ಲಿ ನಾನು ಮಾಡಿದ ಪರಾಕ್ರಮ ಒಂದೆರಡಲ್ಲ. ಕನ್ನಡಿಯಲ್ಲಿ ನೋಡುತ್ತ ಕಾಗದದ ಮೇಲಿನ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಕೈ ಬಲಕ್ಕೆ ಹೋಗೆಂದರೆ ಎಡಕ್ಕೆ ಹೋಗುತ್ತದೆ. ನನ್ನ ಗೆರೆ ನಕ್ಷತ್ರ ದಾಟಿ, ಕಾಗದ ದಾಟಿ, ಮೇಜಿನ ಮೇಲೆ ಹರಿಯಿತು.

"ಅಜ್ಜಾರ, ದಾರಿ ಬಿಟ್ಟು ಹೊರಗ ಹೊಂಟೀರಲ್ರಿ" ಎಂದರು ಮೇಡಂ.

"ರಸ್ತೆ ರಿಪೇರಿ ಐತ್ರಿ ಮೇಡಂ. ಡೈವರ್ಷನ್."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆ ನಗೆ ಕೇಳಿ ಕಪಾಟಿನ ಆಚೆಯ ಸರ್ ತಮ್ಮ ಪಾಠಕ್ಕೆ ನಗುತ್ತಿದ್ದಾರೆಂದು ತಿಳಿದು ಕೋಪ ಮಾಡಿಕೊಂಡರಂತೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಶಬ್ದದ ಪ್ರಯೋಗ. ಗೌರಿ ಒಂದು ಶಬ್ದ ಓದುತ್ತಾಳೆ. ನನ್ನ ಮನಸ್ಸಿಗೆ ಥಟ್ಟನೆ ಬಂದ ಇನ್ನೊಂದು ಶಬ್ದವನ್ನು ನಾನು ಹೇಳಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅವಳು ಬರೆದುಕೊಳ್ಳುತ್ತಾಳೆ. ಮೇಡಂ ಮೊದಲೇ ಹೇಳಿದ್ದರು: "ಇದರಾಗ ತಪ್ಪು ಉತ್ತರ ಅನ್ನೂದು ಇಲ್ರಿ ಅಜ್ಜಾರ. ಏನ್ ಬರತೈತಿ ಅದನ್ನ ಅನ್ರಿ." ತಪ್ಪು ಉತ್ತರವೇ ಇಲ್ಲದ ಪರೀಕ್ಷೆ! ನಮ್ಮ ಕಾಲದಲ್ಲಿ ಇದು ಎಲ್ಲಿತ್ತು?

"ರಾತ್ರಿ" ಎಂದಳು ಗೌರಿ.

"ವಸ್ತಿ" ಎಂದೆ. ಊರಲ್ಲೇ ರಾತ್ರಿ ತಂಗುವ ಬಸ್ಸಿಗೆ ನಾವು ವಸ್ತಿ ಬಸ್ಸು ಅನ್ನುತ್ತೇವೆ.

"ಮಗು."

"ಅರ್ಧ."

"ಕಿಟಕಿ."

"ಕೈ ಒಳಗ!"

"ಉಳ್ಳಾಗಡ್ಡಿ."

"ಮಾಸ್ತರ."

"ಮೆಣಸಿನಕಾಯಿ."

"ಡಿಪೋ ಮ್ಯಾನೇಜರ್."

ನಗಬೇಡಿ. ನಮ್ಮ ಕಡೆ ಮನೆತನದ ಅಡ್ಡಹೆಸರುಗಳು ಹಾಗೇ. ನನಗೆ ಗಣಿತ ಕಲಿಸಿದವರು ಉಳ್ಳಾಗಡ್ಡಿ ಮಾಸ್ತರರು. ನನಗೆ ಮೆಮೊ ಕೊಟ್ಟ ಮ್ಯಾನೇಜರರ ಮನೆತನ ಮೆಣಸಿನಕಾಯಿ. ಹತ್ತಿ, ಅಕ್ಕಿ, ಬೆಲ್ಲ ಎಲ್ಲವೂ ನನಗೆ ಯಾರೋ ಒಬ್ಬರ ಮುಖ. ನಮ್ಮಂಥವರ ಮುಂದೆ ಸಂತೆಯ ಚೀಲ ಸುರುವಿದರೆ ಅರ್ಧ ತಾಲೂಕಿನ ಹಾಜರಿ ಹಾಕಬಹುದು. ಮೇಡಂ ಕಣ್ಣೊರೆಸಿಕೊಳ್ಳುತ್ತ, "ಇಂಥಾ ಸಬ್ಜೆಕ್ಟ್ ಸಿಗೂದು ಪುಣ್ಯಾ" ಎಂದರು. ಅವರು ಮೆಚ್ಚಿ ಅಂದದ್ದು. ನನಗೆ ಮಾತ್ರ ಹುಡುಗಿಯರ ನಗೆ ಬೇರೆ ರೀತಿ ಕೇಳಿತು. ಇವಳ ಮಾವ ಹಳ್ಳಿ ಗಮಾರ ಎಂದು ಗೌರಿಯನ್ನು ಹಿಂದೆ ಆಡಿಕೊಂಡಾರು ಅನ್ನಿಸಿತು. ತಪ್ಪು ತಿಳಿಯುವುದಕ್ಕೆ ನನಗೆ ಯಾವ ಕಾಲೇಜೂ ಬೇಕಾಗಲಿಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಬೇರೆ ಊರಿನಿಂದ ಪರೀಕ್ಷಕರು ಬರುತ್ತಾರೆ, ದಕ್ಷಿಣದ ಕಡೆಯವರು, ಭಾಳ ಕಡಕ್ ಎಂದು ಸುದ್ದಿ. ಶಬ್ದದ ಪ್ರಯೋಗ ಬಂದರೆ ಪರೀಕ್ಷೆಯಲ್ಲೂ ಅದೇ ಪಟ್ಟಿ ಎಂದು ನನಗೆ ಗೊತ್ತಿತ್ತು. ಬಸ್ಸಿನ ಸ್ಟೇಜುಗಳ ದರವನ್ನೆಲ್ಲ ಬಾಯಿಪಾಠ ಮಾಡಿದ್ದ ತಲೆ ನನ್ನದು, ಪಟ್ಟಿ ಆಗಲೇ ಒಳಗೆ ಕೂತಿತ್ತು. ಈ ಸಲ ಸೊಸೆಯ ಮಾನ ಉಳಿಸಬೇಕೆಂದು ನಿಶ್ಚಯ ಮಾಡಿದೆ. ಅವಳಿಗೆ ಗೊತ್ತಾಗದಂತೆ, ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು, ಪ್ರತಿ ಶಬ್ದಕ್ಕೂ ಒಂದೊಂದು ಘನವಾದ ಉತ್ತರ ತಯಾರು ಮಾಡಿದೆ. ಘನವಾದ ಶಬ್ದ ನನಗೆ ಎಲ್ಲಿಂದ ಬರಬೇಕು? ಕಪಾಟಿನ ಆಚೆಯಿಂದ! ಕನ್ನಡದ ಸರ್ ಗರ್ಜಿಸಿದ್ದೆಲ್ಲ ನೆನಪಿತ್ತು. ಎಮ್ಮೆ ಬಹಳ ಗಂಭೀರವಾಗಿ ಕೇಳಿತು.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ಜರಿಯಂಚಿನ ರುಮಾಲು ಸುತ್ತಿಕೊಂಡು ಹೋದೆ. ಜವಾನ ಹಾಜರಿ ಕೂಗುತ್ತಿದ್ದ. ಒಂದು ಹೆಸರು ಕೂಗಿದ. ಯಾರೂ ಏನೂ ಅನ್ನುವ ಮೊದಲೇ ನಾನು ಬೆಚ್ಚಿ, "ಅಕಿ ಮನ್ಯಾಗ ಅದಾಳ್ರಿ!" ಎಂದುಬಿಟ್ಟೆ.

ಅವನು ಕೂಗಿದ್ದು ನನ್ನ ಹೆಂಡತಿಯ ಹೆಸರನ್ನು. ಆದರೆ ಎದ್ದು ನಿಂತು "ಎಸ್ ಸರ್" ಅಂದವಳು ನನ್ನ ಸೊಸೆ.

ಆಗ ನೆನಪಾಯಿತು. ಅವಳ ತಂದೆ ತಾಯಿ ಇಟ್ಟ ಹೆಸರು ಅದೇ. ಅತ್ತೆ ಸೊಸೆಗೆ ಒಂದೇ ಹೆಸರಾದರೆ, ಮಗ ಹೆಂಡತಿಯನ್ನು ಕರೆದಾಗಲೆಲ್ಲ ತಾಯಿಯ ಹೆಸರು ಹಿಡಿದು ಕೂಗಿದಂತಾಗುತ್ತದೆ. ಅದಕ್ಕೇ ಮದುವೆಯಲ್ಲಿ ಅಕ್ಕಿ ತುಂಬಿದ ತಾಟಿನಲ್ಲಿ ಅವಳಿಗೆ ಬೇರೆ ಹೆಸರು ಬರೆಸಿದೆವು. ಒಂದೇ ಬಸ್ಸಿನಲ್ಲಿ ಒಂದೇ ನಂಬರಿನ ಎರಡು ಟಿಕೆಟ್ ಇರಬಾರದು ಎಂದು ಹೇಳಿ, ಗೌರಿ ಎಂದು ಬರೆಸಿದವನು ನಾನೇ. ನಾನಂತೂ ಹೆಂಡತಿಯ ಆ ಹೆಸರನ್ನು ಬಾಯಿಬಿಟ್ಟು ಅಂದದ್ದು ನನ್ನ ಮದುವೆಯಲ್ಲಿ ಒಡಪು ಹೇಳಿದಾಗ ಒಮ್ಮೆ ಮಾತ್ರ. ನಮ್ಮ ಕಾಲದವರು ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಕಾಲೇಜಿನ ಕಾಗದದಲ್ಲಿ ಮಾತ್ರ ಸೊಸೆಯ ಹೆಸರು ಬದಲಾಗದೆ ಉಳಿದಿತ್ತು. ಮೇಡಂ, ಗೆಳತಿಯರು ಎಲ್ಲರೂ ಅವಳನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರೆಂದು ಆಮೇಲೆ ತಿಳಿಯಿತು. ಅಷ್ಟು ಸಲ ಹೋಗಿಬಂದರೂ ನಾನು ಗಮನಿಸಿರಲಿಲ್ಲ, ನನ್ನ ಪರಾಕ್ರಮದಲ್ಲೇ ನಾನಿದ್ದೆ.

ಯಾವ ಪ್ರಯೋಗವೆಂದು ಗೌರಿ ಚೀಟಿ ಎತ್ತಿದಳು. ಶಬ್ದದ ಪ್ರಯೋಗವೇ ಬಂತು. ನಾನು ಮೀಸೆ ತಿರುವಿಕೊಂಡು ಕೂತೆ. ಪರೀಕ್ಷಕರು ಬಾಜು ಬಂದು ನಿಂತರು.

"ರಾತ್ರಿ."

"ವಿರಹ!" ಎಂದೆ.

ಗೌರಿ ಸ್ಟಾಪ್‌ವಾಚಿನಿಂದ ಕಣ್ಣೆತ್ತಿದಳು. ನನ್ನನ್ನು ಒಮ್ಮೆ ನೋಡಿದಳು.

"ಮಗು."

"ಮುಗ್ಧತೆ!"

"ಕಿಟಕಿ."

"ನಿರೀಕ್ಷೆ!"

"ಮೆಣಸಿನಕಾಯಿ."

"ಕ್ರೋಧ!"

ಅವಳು ಶಬ್ದ ಪೂರ್ತಿ ಓದುವ ಮೊದಲೇ ನನ್ನ ಉತ್ತರ ಹೊರಡುತ್ತಿತ್ತು. ಕಪಾಟಿನ ಆಚೆ ಕನ್ನಡದ ಸರ್ ಇದ್ದಿದ್ದರೆ ಎದ್ದು ಬಂದು ನನಗೆ ಹಾರ ಹಾಕುತ್ತಿದ್ದರು. ಪರೀಕ್ಷಕರು ಹಾಕಲಿಲ್ಲ. ಕೈಯೆತ್ತಿ ನಿಲ್ಲಿಸಿದರು.

"ಏನಮ್ಮಾ, ಇವರಿಗೆ ಮೊದಲೇ ಉತ್ತರ ಹೇಳಿಕೊಟ್ಟು ಕರ್ಕೊಂಡು ಬಂದಿದೀಯಾ?"

"ಇಲ್ರಿ ಸರ್" ಎಂದಳು ಗೌರಿ.

ಮೇಡಂ ಏನೋ ಹೇಳಲು ಬಂದರು. ಅವರನ್ನು ತಡೆದು ಪರೀಕ್ಷಕರು ನನ್ನ ಕಡೆ ತಿರುಗಿದರು. "ಯಜಮಾನ್ರೇ, ನೀವೇ ಹೇಳಿ. ಯಾರು ಕಲಿಸಿದ್ದು?"

ಚೆಕಿಂಗ್‌ನವರು ಬಸ್ಸು ಹತ್ತಿದಾಗ ಟಿಕೆಟ್ ಇಲ್ಲದವನ ಮುಖ ಹೇಗಾಗುತ್ತದೆಂದು ನಾನು ಬಹಳ ನೋಡಿದವನು. ಅವನು ಮಾಡುವ ಮೊದಲ ಕೆಲಸವೆಂದರೆ ಹಿಂದಕ್ಕೆ ಕೈ ತೋರಿಸುವುದು. "ಹಿಂದ ತಗೊಂಡಾರ್ರಿ." ಹಿಂದೆ ಕೂತವನಿಗೆ ಇವನ ಗುರುತೂ ಇರುವುದಿಲ್ಲ. ಅಂಥವರನ್ನು ಎಷ್ಟು ಬೈದಿದ್ದೇನೆ! "ಇಷ್ಟ ದೊಡ್ಡ ಮೀಸಿ ಇಟ್ಟೀರಿ, ನಾಚಿಕಿ ಬರೂದಿಲ್ಲೇನ್ರಿ?" ಎಂದು ಬಸ್ಸೆಲ್ಲ ಕೇಳುವಂತೆ ಅಂದಿದ್ದೇನೆ.

ನಾನೇ ಎಮ್ಮೆಯ ಮುಂದೆ ನಿಂತು ಕಲಿತೆ ಎಂದು ಹೇಳಬೇಕಿತ್ತು. ಒಂದೇ ವಾಕ್ಯ. ಎಲ್ಲರೂ ನಕ್ಕು, ಇನ್ನೊಂದು ಪಟ್ಟಿ ಕೊಟ್ಟು ಮುಂದುವರಿಸುತ್ತಿದ್ದರೋ ಏನೋ. ಆದರೆ ಸುತ್ತ ಅಷ್ಟು ಹುಡುಗಿಯರು, ತಲೆಯ ಮೇಲೆ ಜರಿಯ ರುಮಾಲು.

"ಅಕಿನ ಹೇಳಿಕೊಟ್ಟಾಳ್ರಿ" ಎಂದೆ.

ತಪ್ಪು ಉತ್ತರವೇ ಇಲ್ಲದ ಪರೀಕ್ಷೆಯಲ್ಲಿ ತಪ್ಪು ಉತ್ತರ ಕೊಟ್ಟವನು ನಾನೊಬ್ಬನೇ ಇರಬೇಕು.

ಗೌರಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಸ್ಟಾಪ್‌ವಾಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳು ಒಂದೇ ಒಂದು ಸಲ "ಮಾವಾರ ಸುಳ್ಳು ಹೇಳ್ತಾರ್ರಿ" ಅಂದಿದ್ದರೆ ಸಾಕಿತ್ತು. ಆ ಪ್ರಾಕ್ಟಿಕಲ್‌ನಲ್ಲಿ ಅವಳನ್ನು ಫೇಲು ಮಾಡಿದರು. ಮರುವರ್ಷ ಮತ್ತೆ ಕೂಡಬೇಕಾಯಿತು. ಆ ವರ್ಷ ಧಾರವಾಡದಲ್ಲಿ ಎಂ.ಎ. ಸೇರುವ ಆಸೆಯಿತ್ತು, ಅದೂ ಹಿಂದೆ ಬಿತ್ತು.

ಬಸ್ ಸ್ಟ್ಯಾಂಡಿಗೆ ಬಂದೆವು. ಅವಳೇ ಹೋಗಿ ಎರಡು ಪೊಟ್ಟಣ ಚುರಮುರಿ ಗಿರಮಿಟ್ಟು, ಮೇಲೆ ಎರಡೆರಡು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು. ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಮಾವಾರ, ವಿರಹ ಅನ್ನೂದು ಎಲ್ಲಿಂದ ಹಿಡಕೊಂಡು ಬಂದ್ರಿ?" ಎಂದಳು.

"ಕಪಾಟಿನ ಆಚಿಕಡಿಂದ."

ನಕ್ಕಳು. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರೂ ಬಂತು. ಅದರಲ್ಲಿ ನಗುವಿನದು ಎಷ್ಟು, ಬೇರೆಯದು ಎಷ್ಟು ಎಂದು ನಾನು ಕೇಳಲಿಲ್ಲ. ಅದೇ ಹೊತ್ತು. ಆಗಲೇ ಅನ್ನಬಹುದಿತ್ತು. ನಾನು ಅಂದದ್ದೇನು ಗೊತ್ತೆ? "ಮಿರ್ಚಿ ಖಾರ ಆಗೇತಿ."

ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ, ಪರೀಕ್ಷೆ ಹೇಗಾಯಿತೆಂದು. "ನಂದ ತಪ್ಪಾತ್ರಿ. ಟೈಮ್ ಸರಿ ಹಿಡೀಲಿಲ್ಲ" ಎಂದಳು ಗೌರಿ, ನನ್ನ ತಾಟಿಗೆ ಪಲ್ಯ ನೀಡುತ್ತ. ನಾನು ರೊಟ್ಟಿ ಮುರಿದೆ. ನಾನು ಅನ್ನಬೇಕಾದ ಮಾತನ್ನೇ ಅವಳು ಅಂದಿದ್ದಳು.

ಮರುವರ್ಷ ನನ್ನನ್ನು ಕರೆಯಲಿಲ್ಲ. ಅತ್ತೆಯನ್ನು ಕರೆದುಕೊಂಡು ಹೋದಳು. ನನ್ನ ಹೆಂಡತಿ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಹಚ್ಚಿಕೊಂಡು, ಬೀಗರ ಮನೆಗೆ ಹೊರಟಂತೆ ಹೊರಟಳು. ಹೋಗುವಾಗ ನನಗೆ, "ನಾ ಹೋಗಿ ಪಾಸ್ ಮಾಡಿಸ್ಕೊಂಡು ಬರ್ತೀನಿ. ಎಮ್ಮಿಗೆ ನೀರ ಇಡ್ರಿ" ಎಂದಳು. ಅಲ್ಲಿ ನಡೆದದ್ದನ್ನು ಆಮೇಲೆ ಗೌರಿ ನಟಿಸಿ ತೋರಿಸಿದಳು. ಬೇರೆ ಪರೀಕ್ಷಕರು ಬಂದಿದ್ದರಂತೆ. ಮೊದಲು ಯಾವ ಶಬ್ದ ಓದಿದರೂ ನನ್ನ ಹೆಂಡತಿ "ಹೂಂ, ಅದಕ್ಕೇನೀಗ?" ಅನ್ನುತ್ತಿದ್ದಳಂತೆ. ಮತ್ತೆ ಮತ್ತೆ ತಿಳಿಸಿ ಹೇಳಿದ ಮೇಲೆ ಹಾದಿಗೆ ಬಂದಳು. ರಾತ್ರಿ ಎಂದರೆ "ಭಾಂಡೆ ತಿಕ್ಕೂದು". ಮಗು ಎಂದರೆ "ಬಾಣಂತಿ". ಮೆಣಸಿನಕಾಯಿ ಎಂದರೆ "ಬಿಸಲಿಗೆ ಹಾಕಬೇಕು". ಗಂಡ ಎಂದಾಗ ಮಾತ್ರ ಸುಮ್ಮನಾದಳಂತೆ. ಸ್ಟಾಪ್‌ವಾಚ್ ಓಡಿತು, ಓಡಿತು. ಪರೀಕ್ಷಕರೂ ಕುತೂಹಲದಿಂದ ಬಗ್ಗಿದರು. ಕೊನೆಗೆ ಬಾಗಿಲ ಕಡೆ ನೋಡಿ, "ಇನ್ನಾ ಬಂದಿಲ್ಲ" ಎಂದಳಂತೆ.

ಕಂಡಕ್ಟರನ ಹೆಂಡತಿ. ನಾನು ನಿವೃತ್ತನಾಗಿ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು; ಅವಳ ಮನಸ್ಸಿನಲ್ಲಿ ಇನ್ನೂ ದಾರಿಯ ಮೇಲೆಯೇ ಇದ್ದೆ. ಗೌರಿ ಇದನ್ನು ಹೇಳಿ ನಕ್ಕಳು, ನಾವೆಲ್ಲ ನಕ್ಕೆವು, ನನ್ನ ಹೆಂಡತಿ "ಏನ ಹಲ್ಲ ತಗೀತೀರಿ?" ಎಂದು ಬೈದಳು. ಗೌರಿ ಚೆನ್ನಾಗಿ ಪಾಸಾದಳು. ಓಣಿಗೆಲ್ಲ ಪೇಢೆ ಹಂಚಿದವನು ನಾನು. ಪೇಢೆಯ ಪೆಟ್ಟಿಗೆ ಅವಳ ಮುಂದೆ ಹಿಡಿದಾಗಲಾದರೂ ಅನ್ನಬಹುದಿತ್ತು. "ಎರಡ ತಗೋ" ಎಂದೆ.

ಈಗ ಅವಳು ಧಾರವಾಡಕ್ಕೆ ಎಂ.ಎ.ಗೆ ಹೋಗುತ್ತಾಳೆ, ಮನಃಶಾಸ್ತ್ರಕ್ಕೇ. ನಿನ್ನೆ ಸಂಜೆ ಬಂದವಳು ಚೀಲ ಕೆಳಗಿಡದೆಯೇ ನನ್ನ ಮುಂದೆ ನಿಂತಳು.

"ಮಾವಾರ, ಮತ್ತ ಸಬ್ಜೆಕ್ಟ್ ಬೇಕಾಗೇತ್ರಿ. ವಯಸ್ಸಾದವರ ನೆನಪಿನ ಮ್ಯಾಲೆ. ಬರ್ತೀರಿಲ್ಲ?"

"ನಿಮ್ಮತ್ತೀನ ಕರಕೊಂಡು ಹೋಗು. ಪಾಸ್ ಮಾಡಿಸ್ತಾಳ."

"ಅವರು ಬ್ಯಾಡ್ರಿ. ನೀವ ಬೇಕು. ಬಸ್ಸಿನ ನೆನಪೆಲ್ಲಾ ಹೇಳ್ರಿ." ಒಂದು ಕ್ಷಣ ನಿಂತು, ತುಟಿಯಂಚಿನಲ್ಲಿ ನಗುತ್ತ, "ಈ ಸಲ ಎಮ್ಮಿ ಮುಂದ ನಿಂತು ಏನೂ ಕಲೀಬ್ಯಾಡ್ರಿ" ಎಂದಳು.

ಅಂದರೆ ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ. ಗೊತ್ತಿದ್ದೂ ಆ ದಿನ ಪರೀಕ್ಷೆಯ ಕೋಣೆಯಲ್ಲಿ ಸುಮ್ಮನಿದ್ದಳು, ಊಟದ ಮುಂದೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ಇಷ್ಟು ದಿನ ನನಗೆ ಚಹಾ ಕೊಟ್ಟಳು. ಈಗ ಮತ್ತೆ ನನ್ನನ್ನೇ ನಂಬಿ ಕೂಡಿಸುತ್ತಾಳಂತೆ.

"ಬರ್ತೀನಿ" ಎಂದೆ. ಆದರೆ ಆ ಕುರ್ಚಿಯಲ್ಲಿ ಕೂಡುವ ಮೊದಲು ಇದೊಂದು ಆಗಲೇಬೇಕು. ಬಾಕಿ ಇಟ್ಟುಕೊಂಡು ಅವಳೆದುರು ನೆನಪು ಬಿಚ್ಚಿದರೆ ನನ್ನ ಬಾಯಿಂದ ಮತ್ತೆ ಕಪಾಟಿನ ಆಚೆಯ ಶಬ್ದಗಳೇ ಬಂದಾವು.

ಬಾಯಲ್ಲೇ ಹೇಳೋಣವೆಂದು ಇಂದು ಮುಂಜಾನೆ ನೋಡಿದೆ. ಗೌರಿ ಎಂದು ಕರೆದರೆ ನಾನೇ ಇಟ್ಟ ಹೆಸರಿಗೆ ನಾನೇ ಹೇಳಿಕೊಂಡಂತೆ. ಅಂದು ಹಾಜರಿ ಕೂಗಿದಾಗ ಎದ್ದು ನಿಂತವಳು, ಕಲಿಸಿದವಳೆಂದು ನಾನು ಬೆರಳು ತೋರಿಸಿದವಳು, ಫೇಲೆಂದು ಬರೆಸಿಕೊಂಡವಳು ಇನ್ನೊಂದು ಹೆಸರಿನವಳು. ಆ ಹೆಸರು ಹಿಡಿದು ಕೂಗೋಣವೆಂದರೆ ಅಡಿಗೆಮನೆಯಲ್ಲಿ ಅದೇ ಹೆಸರಿನ ದೊಡ್ಡಾಕಿ ಇದ್ದಾಳೆ. ನನ್ನ ಬಾಯಿಂದ 'ತಪ್ಪಾತು' ಬಂದದ್ದೇ ತಡ, "ಅಂತೂ ತಿಳೀತಲ್ಲ!" ಎಂದು ಕೈಯೊರೆಸಿಕೊಳ್ಳುತ್ತ ಬಂದು ಅದನ್ನು ತನ್ನದಾಗಿ ಮಾಡಿಕೊಂಡುಬಿಡುತ್ತಾಳೆ. ಅವಳಿಗೂ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ. ಆದರೆ ಇದು ಅವಳದಲ್ಲ.

ಅದಕ್ಕೇ ಬರೆದೆ. ಸೊಸೆ ಮನೆಯಲ್ಲಿ ಅಚ್ಚಾದದ್ದು ಏನು ಕಂಡರೂ ಓದುವವಳು, ಇದನ್ನೂ ಓದುತ್ತಾಳೆ. ಯಾರೂ ನನಗೆ ಹೇಳಿಕೊಟ್ಟಿಲ್ಲ, ಮೊದಲೇ ಕಲಿತೂ ಇಲ್ಲ, ಬಾಯಿಗೆ ಬಂದದ್ದೇ ಇದು.

ತಪ್ಪಾತು, ಕಸ್ತೂರಿ.